ಲುಪೆಯ ಹಲ್ಲು

ನೆಯಾಫು, ವವಾಉ
ಆಗಸ್ಟ್ 19, ಭಾನುವಾರ

ಪ್ರೀತಿಯ ತಂಗಿ ಸೇಯಿನಿಗೆ,

ನಾವೆಲ್ಲ ಕ್ಷೇಮ ಎಂದು ಬರೆದು ಶುರುಮಾಡಬೇಕು. ಆ ಮಾತು ಬರೆಯಲು ಕೈ ಬಾರದೆಯೇ ಈ ಕಾಗದ ಮೂರು ವಾರ ತಡವಾಯಿತು, ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ್ದೇ ಲುಪೆ "ಅಮ್ಮಾ" ಎಂದು ಓಡಿಬರುತ್ತಾಳೆ. ಆಕ್ಲೆಂಡಿನಲ್ಲಿ ಚಳಿ ಜೋರಂತೆ, ನಿನ್ನ ಮಂಡಿನೋವು ಹೇಗಿದೆ? ಅಪ್ಪ ಇವತ್ತೂ ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು, ಪ್ರವಚನ ಶುರುವಾಗುತ್ತಲೇ ನಿದ್ದೆಹೋದರು.

ಜುಲೈನಲ್ಲಿ ಶಾಲೆಯ ಮಕ್ಕಳ ಹಲ್ಲು ನೋಡುವ ಕೆಲಸ ದಂತ ಸಹಾಯಕಿಯಾದ ನನ್ನ ಪಾಲಿಗೆ ಬಂತು. ನಲವತ್ತೊಂದು ಮಕ್ಕಳಲ್ಲಿ ಹದಿನೇಳು ಮಕ್ಕಳ ಹಲ್ಲು ಸವೆದಿತ್ತು. ಹುಳುಕಲ್ಲ, ಸವೆತ. ಈ ಮಕ್ಕಳು ಜ್ಯೂಸ್ ಪುಡಿಯನ್ನು ನೀರಿಗೆ ಹಾಕುವುದೇ ಇಲ್ಲ, ಬೆರಳಿಗೆ ಅಂಟಿಸಿಕೊಂಡು ದಿನವಿಡೀ ನೆಕ್ಕುತ್ತವೆ. ಮೇಲೆ ಬಣ್ಣದ ಸೋಡಾ, ಉಪ್ಪು ಹಚ್ಚಿದ ಮಾವಿನಕಾಯಿ. ಹುಳಿ ಹಲ್ಲನ್ನು ತಿನ್ನದೆ ಇನ್ನೇನು ಮಾಡೀತು?

ಲುಪೆಯ ಮುಂಬಲ್ಲುಗಳ ಅಂಚು ತೆಳುವಾಗಿ, ಬೆಳಕು ಆಚೆ ಕಾಣುವಂತಿತ್ತು. ನನ್ನ ಮನೆಯ ಮಗುವೇ ಹೀಗೆ ಎಂದು ನನಗೆ ಕೋಪ ನೆತ್ತಿಗೇರಿತು. ಅವಳ ಗಲ್ಲ ಹಿಡಿದೆತ್ತಿ ಇಡೀ ತರಗತಿಗೆ ತೋರಿಸಿದೆ. "ನೋಡ್ರೋ, ಪುಡಿ ನೆಕ್ಕಿದ್ರೆ ಹೀಗಾಗತ್ತೆ!"

"ಗಾಜಿನ ಹಲ್ಲು!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

"ನಾನು ಅದನ್ನ ತಿನ್ನೋದೇ ಇಲ್ಲ ದೊಡ್ಡಮ್ಮಾ," ಎಂದಳು.

"ಸುಳ್ಳು ಬೇರೆ! ಹಲ್ಲು ಸುಳ್ಳು ಹೇಳತ್ತಾ?" ಎಂದೆ.

ಹತ್ತು ದಿನಕ್ಕೆ ರಾಜಧಾನಿಯಿಂದ ದಂತವೈದ್ಯ ವಿಲಿಯಾಮಿ ಬಂದರು. ನನಗೆ ಕೆಲಸ ಕಲಿಸಿದ ಮುದುಕ, ನಿನಗೂ ಗೊತ್ತು. ಲುಪೆಯ ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಹೊರಗೆ ಕರೆದರು.

"ಫುಸಿ, ನೀನು ಹಲ್ಲಿನ ಮುಂಭಾಗ ಮಾತ್ರ ನೋಡಿದ್ದೀಯ. ಮೇಲಿನ ಹಲ್ಲುಗಳ ಹಿಂಬದಿ ನೋಡು, ನುಣ್ಣಗೆ ಸವೆದುಹೋಗಿದೆ. ಈ ಹುಳಿ ಹೊರಗಿಂದ ಬಂದಿದ್ದಲ್ಲ, ಹೊಟ್ಟೆಯಿಂದ ಬಂದಿದ್ದು. ಮಗು ವಾಂತಿ ಮಾಡ್ತಿದೆ ಕಣಮ್ಮ. ಬೈಬೇಡ, ಕೇಳು."

ಸಂಜೆ ಕೆಸುವಿನ ಗೆಡ್ಡೆ ಹೆರೆಯುತ್ತ ಕೇಳಿದೆ. ಅವಳು ನೆಲ ನೋಡುತ್ತ ಹೇಳಿದಳು: "ಊಟ ಆದ್ಮೇಲೆ ಹಿತ್ತಲಿಗೆ ಹೋಗಿ ಬೆರಳು ಹಾಕ್ಕೊಳ್ತೀನಿ." ಕ್ರಿಸ್ಮಸ್‌ನಿಂದಲೂ ಹೀಗೆಯೇ ಅಂತೆ. ಏಳು ತಿಂಗಳು, ಸೇಯಿನಿ! ಒಂದೇ ಸೂರಿನಡಿ ಇದ್ದು ನನಗೆ ತಿಳಿಯಲಿಲ್ಲ.

ಮರುದಿನ ಶಾಲೆಗೆ ಹೋಗಿ, ಅದೇ ಮಕ್ಕಳೆದುರು ನಿಂತು, "ಲುಪೆ ನಿಜ ಹೇಳಿದ್ಲು. ತಪ್ಪು ಹೇಳಿದ್ದು ನಾನು" ಎಂದೆ. ಯಾರೂ ನಗಲಿಲ್ಲ. ಲುಪೆ ನನ್ನ ಮುಖ ನೋಡಲಿಲ್ಲ.

ಈಗ ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಅಲ್ಲಿನ ಡಾಕ್ಟರಮ್ಮ ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡುತ್ತಾಳೆ. ಊಟವಾದ ಮೇಲೆ ಒಂದು ಗಂಟೆ ಅವಳು ನನ್ನ ಪಕ್ಕವೇ ಇರುತ್ತಾಳೆ, ಚಾಪೆ ಹೆಣೆಯುತ್ತೇವೆ. ಈ ವಾರ ಒಂದೇ ಒಂದು ಸಲ ವಾಂತಿಯಾಯಿತು, ತಾನೇ ಬಂದು ಹೇಳಿದಳು. ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ವಿಲಿಯಾಮಿ ಮುಂದಿನ ತಿಂಗಳು ಬಂದು ಅದರ ಮೇಲೆ ಹೊದಿಕೆ ಕೂರಿಸಿಕೊಡುತ್ತಾರೆ.

ದೇವರು ನಿನ್ನ ದುಡಿಯುವ ಕೈಗಳನ್ನು ಕಾಯಲಿ. ಅಪ್ಪನ ಆಶೀರ್ವಾದ, ನನ್ನ ಮುತ್ತು.

ನಿನ್ನ ಅಕ್ಕ,
ಫುಸಿ

ಮರೆತದ್ದಲ್ಲ, ಮೇಲೆ ಬರೆಯಲಾಗದ್ದು: ಕ್ರಿಸ್ಮಸ್‌ಗೆ ಅವಳನ್ನು ಕರೆಸಿಕೊಳ್ಳಲು ನಿನಗೆ ಆಗಲಿಲ್ಲವಲ್ಲ, ಆ ದಿನ ಅವಳು, "ಅಮ್ಮ ಯಾಕೆ ಕರೆಸ್ಕೊಳ್ಳಲಿಲ್ಲ?" ಎಂದು ಕೇಳಿದಳು. ಅಡುಗೆಯ ಗಡಿಬಿಡಿಯಲ್ಲಿ ನಾನು, "ಇಷ್ಟು ದಪ್ಪ ಇದ್ರೆ ಯಾವ ವಿಮಾನ ಹೊರತ್ತೆ ನಿನ್ನ? ಮೊದ್ಲು ಸಣ್ಣಗಾಗು" ಎಂದೆ. ಎಲ್ಲರೂ ನಕ್ಕೆವು. ಅವಳೂ ನಕ್ಕಿದ್ದಳು. ಆಸ್ಪತ್ರೆಯಲ್ಲಿ ಮೊದಲ ದಿನ ತೂಕ ನೋಡಿದಾಗ, ಯಂತ್ರದಿಂದ ಇಳಿಯದೆ ನನ್ನನ್ನೇ ನೋಡಿ, "ಇಷ್ಟು ಸಾಕಾ ದೊಡ್ಡಮ್ಮಾ?" ಎಂದಳು.