ಕೆಂದಿಯ ಮರಿ

ಬಿಜ್ಜರಗಿ
೧೯ ನವೆಂಬರ್ ೧೯೪೬

ಪ್ರೀತಿಯ ರೇಣವ್ವ ವೈನಿಗೆ,

ನಿಮ್ಮ ಮೈದುನ ಅಮೋಘಿಯ ನಮಸ್ಕಾರ. ಸ್ಟೇಷನ್ ರಸ್ತೆಯ ಗದ್ದಲದಲ್ಲಿ, ಚಿಕ್ಕಮ್ಮನ ಮನೆಯಲ್ಲಿ ನಿಮಗೆ ನಿದ್ದೆ ಹತ್ತುತ್ತಿದೆಯೋ ಇಲ್ಲವೋ. ಮುಖದ ಸಿಡುಬಿನ ಕಲೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚುವುದನ್ನು ಬಿಡಬೇಡಿ.

ಇಂದು ಕುರಿಗಳ ಉಣ್ಣೆ ಕತ್ತರಿಸಿದೆವು. ನಿನ್ನೆಯೇ ಹಳ್ಳದಲ್ಲಿ ಮೈ ತೊಳೆದು ತಂದಿದ್ದೆವು. ಪಕ್ಕದ ಮನೆಯ ಭಾಗಪ್ಪಣ್ಣ ಕುರಿಯ ಕಾಲು ಹಿಡಿದ, ನಾನು ಕತ್ತರಿ ಹಿಡಿದೆ. ನನ್ನ ಕೈ ನೋಡಿ ಅವ್ವ, “ಬಿ.ಎ. ಸಾಹೇಬ್ರ, ಉಣ್ಣಿ ಕತ್ತರಸಾಕತ್ತೀರೋ, ಪದ್ಯ ಬರಿಯಾಕತ್ತೀರೋ?” ಎಂದು ನಕ್ಕಳು. ನಗುತ್ತಲೇ ಕರಿ ಕುರಿಯ ಒಂದು ಹಿಡಿ ಉಣ್ಣೆಯನ್ನು ಮದುವೆಯ ಕಂಕಣಕ್ಕೆಂದು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಮನೆಯಲ್ಲಿ ಮದುವೆಯಾಗದವನು ನಾನೊಬ್ಬನೇ ಎಂದು ಓಣಿಯವರೆಲ್ಲ ನನ್ನನ್ನು ಕಾಡಿದರು.

ನಿಮ್ಮ ಕೆಂದಿ ಕುರಿಯ ಉಣ್ಣೆಯನ್ನು ಕೊನೆಗೆ ಕತ್ತರಿಸಿದೆ. ಎದ್ದು ನಿಂತಾಗ ಅದು ಬೇರೆಯೇ ಕುರಿ. ಅದರ ಮರಿ ಹೆದರಿ ಬೇಲಿಯ ಬಳಿ ನಿಂತು ಅರಚತೊಡಗಿತು. ನಿಮ್ಮ ತಿಪ್ಪಿ ಓಡಿ ಹೋಗಿ, “ಲೇ ಹುಚ್ಚಿ, ನಿಮ್ಮವ್ವನ ಐತಿ ಬೇ ಅದು! ಅಂಜತಾರೇನು?” ಎಂದು ಬೈದಳು. ಕೆಂದಿ ಮಾತ್ರ ಅಲ್ಲಿಂದ ಕದಲಲಿಲ್ಲ. ನಿಂತಲ್ಲೇ ಕೂಗಿತು, ಮತ್ತೆ ಕೂಗಿತು. ಕೊನೆಗೆ ಮರಿ ಕಿವಿ ನಿಮಿರಿಸಿ ಬಂದು ಕೆಚ್ಚಲಿಗೆ ಬಾಯಿ ಹಾಕಿತು.

ಮರಿ ಹಾಲು ಕುಡಿಯುವುದನ್ನು ತಿಪ್ಪಿ ಕುಕ್ಕರಗಾಲಲ್ಲಿ ಕೂತು ನೋಡಿದಳು. ಆಮೇಲೆ ನನ್ನ ಅಂಗಿ ಜಗ್ಗಿದಳು.

“ಕಾಕಾ, ಅವತ್ತ ಮಾರಿ ಮುಚಗೊಂಡು ಹೋದಾಕಿ ನಮ್ಮವ್ವನೇನು?”

ಹೌದು ಎಂದೆ.

“ಮತ್ತ ಯಾಕ ಒದರಲಿಲ್ಲ?”

ಆ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ, ವೈನಿ. ಸಿಡುಬೆದ್ದು ತಿಂಗಳುಗಟ್ಟಲೆ ಅಲ್ಲೇ ಇದ್ದು ದೀಪಾವಳಿಗೆ ಬಂದ ನಿಮ್ಮನ್ನು ಕಂಡು ಕೂಸು ಕಿರುಚಿ ಅಜ್ಜಿಯ ಹಿಂದೆ ಅಡಗಿದ್ದು ನಿಜ. ನೀವೂ ಒಂದು ಮಾತಾಡದೆ, ಬಂದ ಗಾಡಿಯಲ್ಲೇ ತಿರುಗಿ ಹೋದಿರಿ. ಅವಳು ನಿಮ್ಮ ದನಿ ಕೇಳಲೇ ಇಲ್ಲ. ಬನ್ನಿ. ಮುಖ ತೋರಿಸಲು ಮನಸ್ಸಿಲ್ಲದಿದ್ದರೆ ಬಾಗಿಲ ಹೊರಗೆ ನಿಂತು ಅವಳ ಹೆಸರು ಕೂಗಿರಿ. ಸಂಜೆಯಿಂದ ಅವಳು ಕುರಿದಡ್ಡಿಯ ಬಾಗಿಲಲ್ಲಿ ನಿಂತು ಕುರಿಮರಿಯ ಹಾಗೆ ಕೂಗುತ್ತಿದ್ದಾಳೆ. ಅವ್ವ ಬೈದರೂ ಬಿಡುತ್ತಿಲ್ಲ.

ಅಣ್ಣ ಕ್ಷೇಮ. ಅವನ ಬಗ್ಗೆ ಹೆಚ್ಚು ಬರೆಯಲು ಕೈ ಏಳುತ್ತಿಲ್ಲ.

ನಿಮ್ಮ ಕೈತುತ್ತು ಉಂಡು ಬೆಳೆದ,
ಅಮೋಘಿ

ತಾ.ಕ.: ಕಾಗದ ಮಡಿಚಿದವನು ಮತ್ತೆ ಬಿಚ್ಚಿದೆ. ಆ ಕಂಕಣ ನನಗಲ್ಲ, ಅಣ್ಣನಿಗೆ. ಹುಡುಗಿ ಬಬಲೇಶ್ವರದವಳು. ಬರುವ ಸೋಮವಾರ ಮದುವೆ. ಅವಳನ್ನು ಅವ್ವ ಎಂದು ಕರೆಯುವುದನ್ನು ತಿಪ್ಪಿಗೆ ಈಗಿನಿಂದಲೇ ಕಲಿಸುತ್ತಿದ್ದಾರೆ.