ಮಾರಿಟ್ ಕೈಗೆ ತಣಿದ ಟ್ರ್ಯಾಕ್ಟರ್

ಜುಲೈ 9, ಮಂಗಳವಾರ

ಅಪ್ಪನ ಸಣ್ಣ ಟ್ರ್ಯಾಕ್ಟರ್ ಮೂರು ದಿನದಿಂದ ನನ್ನನ್ನು ಸತಾಯಿಸುತ್ತಿತ್ತು. ಅರ್ಧ ಗಂಟೆ ಹುಲ್ಲು ಕತ್ತರಿಸಿದರೆ ಸಾಕು, ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಹೈಡ್ರೋಸ್ಟಾಟಿಕ್ ಗೇರ್‌ಬಾಕ್ಸ್ ಕಾದು, ಮೇಪಲ್ ಮರಗಳ ದಿಬ್ಬ ಹತ್ತಲಾರದೆ ನಿಲ್ಲುತ್ತಿತ್ತು. ಕಪ್ಪಾಗಿದ್ದ ಎಣ್ಣೆ ಬದಲಿಸಿದೆ, ಫಿಲ್ಟರ್ ಬದಲಿಸಿದೆ. ಆದರೂ ಕಾಯಿತು.

ಇವತ್ತು ತಮ್ಮನ ಹೆಂಡತಿ ಮಾರಿಟ್ ಬಂದು, ಗಾಡಿಯ ಕೆಳಗೆ ತೂರಿ, ಗೇರ್‌ಬಾಕ್ಸ್ ತಣಿಸುವ ಫ್ಯಾನಿಗೆ ಅಂಟಿದ್ದ ಇಲಿಗೂಡನ್ನು ಕಿತ್ತು ತೆಗೆದಳು. ಆಮೇಲೆ ಇಡೀ ಹೊಲ ಮುಗಿಸಿದರೂ ಕಾಯಲಿಲ್ಲ.

“ನಿಂದು ನನ್ನ ಕೈನೇ ಕಣಮ್ಮ,” ಅಂದ ಅಪ್ಪ ಅವಳಿಗೆ. ನಲವತ್ತು ವರ್ಷ ಅವನ ಪಕ್ಕ ಪಾನಾ ಹಿಡಿದು ನಿಂತವಳು ನಾನು. ನನಗೆ ಒಮ್ಮೆಯೂ ಆ ಮಾತು ಸಿಕ್ಕಿಲ್ಲ. ಹೊಟ್ಟೆ ಉರಿದುಹೋಯಿತು.

“ಆಡ್ರಾ ಅತ್ತಿಗೆ ಎಣ್ಣೆ ಬದಲಿಸ್ದೇ ಇದ್ದಿದ್ರೆ ಗೇರ್‌ಬಾಕ್ಸಿನ ಪಂಪೇ ಹೋಗ್ತಿತ್ತು, ಮಾವ,” ಅಂದಳು ಅವಳು, ನನ್ನತ್ತ ಕೈ ತೋರಿಸಿ.

ಅವಳಾದರೂ ಕೆಟ್ಟವಳಾಗಿರಬಾರದಿತ್ತೇ? ದ್ವೇಷಿಸುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು.