ಶೈಸ್ತಾ ಬರೆದ ದೊಡ್ಡ ಕಣ್ಣು

ಚಿತ್ತಾಪುರ, ೧೪ ಆಗಸ್ಟ್ ೨೦೦೩, ಗುರುವಾರ

ನಿನ್ನೆ ತರಗತಿಯಲ್ಲಿ ಶೈಸ್ತಾಳ ಚಿತ್ರದ ಮೇಲೆ ಕೆಂಪು ಗೀಟು ಎಳೆದದ್ದು ಚುಚ್ಚುತ್ತಲೇ ಇದೆ. ‘ಮನುಷ್ಯಾರ ಕಣ್ಣು ಇಷ್ಟು ದೊಡ್ಡವು ಇರ್ತಾವೇನು?’ ಎಂದಿದ್ದೆ. ‘ಜಪಾನಿ ಕಾರ್ಟೂನ್‌ದಾಗ ಇರ್ತಾವ್ರಿ ಸರ್’ ಎಂದು ಅವಳು ಪುಸ್ತಕ ಮುಚ್ಚಿದ್ದಳು.

ಇಂದು ಸಂಜೆ ಮಗಳೊಂದಿಗೆ ಟಿವಿಯಲ್ಲಿ ಅಂಥದೇ ಒಂದು ಜಪಾನಿ ಕಾರ್ಟೂನ್ ನೋಡಿದೆ. ಹೊರಟುಹೋದ ರೈಲಿನತ್ತ ನೋಡುತ್ತ ಹುಡುಗಿಯೊಬ್ಬಳು ನಿಂತಿದ್ದಳು. ಮೈ ಅಲುಗಲಿಲ್ಲ, ಕೂದಲಷ್ಟೇ ಗಾಳಿಗೆ ಆಡುತ್ತಿತ್ತು. ಹಿಂದಿನ ಮುಗಿಲನ್ನು ಯಾರೋ ಕೈಯಾರೆ ಜಲವರ್ಣದಲ್ಲಿ ಬರೆದಿದ್ದರು. ಅವಳ ದುಃಖವೆಲ್ಲ ಆ ದೊಡ್ಡ ಕಣ್ಣುಗಳಲ್ಲೇ ಇತ್ತು. ಇಪ್ಪತ್ತು ವರ್ಷ ಚಿತ್ರಕಲೆ ಕಲಿಸಿದ ನನಗೆ ಇದು ಹೊಳೆದಿರಲಿಲ್ಲ.

ಶೈಸ್ತಾಳ ಮನೆಗೆ ಹೋದೆ. ‘ಆ ಹಾಳಿ ಹರದು ಒಗದಾಳ್ರಿ’ ಎಂದರು ಅವಳ ತಾಯಿ.

‘ತಪ್ಪು ನಂದವ್ವ. ಕಣ್ಣಾಗಿನ ಹೊಳಪು ಹೆಂಗ ಬರೀತಿ, ನನಗ ತೋರಸು’ ಎಂದು ಒಳಗಿದ್ದ ಶೈಸ್ತಾಳಿಗೆ ಹೇಳಿದೆ.

ಅವಳು ಪೆನ್ಸಿಲ್ ತಂದು ಕಣ್ಣೊಂದನ್ನು ಬರೆದು, ಕಪ್ಪು ಪಾಪೆಯೊಳಗಿನ ಖಾಲಿ ಚುಕ್ಕೆ ತೋರಿಸಿದಳು. ‘ಅಲ್ಲಿ ಏನೂ ಬರೀಬಾರದ್ರಿ ಸರ್. ಹಾಳಿ ಬೆಳ್ಳಗ ಹಂಗೇ ಬಿಡಬೇಕು.’

ಈಗ ನಾನೂ ಒಂದು ಕಣ್ಣು ಬರೆದು ನೋಡಿದೆ. ಎಷ್ಟು ಬಿಳಿ ಬಿಡಬೇಕೆಂಬುದು ಇನ್ನೂ ಕೈಗೆ ಬರುತ್ತಿಲ್ಲ.